ಶಿವಮೊಗ್ಗದ ಒಂದು ಮೂತ್ರಪಿಂಡ ಚಿಕಿತ್ಸಾ ವಿಭಾಗ: ಒಂಬತ್ತು ತಿಂಗಳ ಓಡಾಟದ ನಂತರ ಬರೆದ ವಿಮರ್ಶೆ

ನನ್ನ ತಮ್ಮನಿಗೆ ಮೂತ್ರಪಿಂಡದ ಉರಿಯೂತವಿದೆ ಎಂದು ಗೊತ್ತಾಗಿ ಈ ಚೈತ್ರಕ್ಕೆ ಒಂಬತ್ತು ತಿಂಗಳು ತುಂಬಿತು. ಅಂದಿನಿಂದ ಹೊಸನಗರ ತಾಲ್ಲೂಕಿನ ನಮ್ಮ ಊರಿನಿಂದ ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗ ನಗರದ ಒಂದು ಖಾಸಗಿ ಆಸ್ಪತ್ರೆಯ ಮೂತ್ರಪಿಂಡ ವಿಭಾಗಕ್ಕೆ ನಾವಿಬ್ಬರೂ ಹನ್ನೊಂದು ಬಾರಿ ಹೋಗಿ ಬಂದಿದ್ದೇವೆ. ಆ ವಿಭಾಗದ ಸೇವೆ ಹೇಗಿದೆ, ಅಲ್ಲಿ ಯಾವುದನ್ನು ನಂಬಬಹುದು, ಎಲ್ಲಿ ರೋಗಿಯ ಮನೆಯವರೇ ಎಚ್ಚರವಾಗಿರಬೇಕು ಎಂಬುದನ್ನು ಮಲೆನಾಡಿನ ಬೇರೆ ಮನೆಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಲೋಪಗಳನ್ನೂ ಹೇಳಬೇಕಾಗಿರುವುದರಿಂದ ಆಸ್ಪತ್ರೆಯ ಹೆಸರನ್ನಾಗಲಿ ವೈದ್ಯರ ಹೆಸರನ್ನಾಗಲಿ ಹೇಳುವುದಿಲ್ಲ. ನೀವು ಹೋಗುವ ಯಾವುದೇ ಕಿಡ್ನಿ ಆಸ್ಪತ್ರೆಯನ್ನು ಇದೇ ಒರೆಗಲ್ಲಿಗೆ ಉಜ್ಜಿ ನೋಡಬಹುದು.

ಕಳೆದ ಆಷಾಢದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಕೆಲಸ ನಡೆದಿತ್ತು. ಮೂರು ದಿನ ಮಳೆಯಲ್ಲಿ ನೆನೆದ ತಮ್ಮನಿಗೆ ಗಂಟಲು ನೋವು ಬಂದು ಮೈ ಬಿಸಿಯಾಯಿತು. ಮಾರನೆಯ ದಿನವೇ ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತು. ಉಷ್ಣವಾಗಿದೆ ಎಂದು ಅಮ್ಮ ಕೊತ್ತಂಬರಿ ಜೀರಿಗೆಯ ಕಷಾಯವನ್ನೂ ಬಾರ್ಲಿ ನೀರನ್ನೂ ಕೊಟ್ಟರು. ಪೇಟೆಯ ವೈದ್ಯರೊಬ್ಬರು ಮೂತ್ರದ ಸೋಂಕೆಂದು ಐದು ದಿನಗಳ ಮಾತ್ರೆ ಬರೆದು, ಮೈಕೈ ನೋವಿಗೆಂದು ನೋವಿನ ಮಾತ್ರೆಯನ್ನೂ ಸೇರಿಸಿದರು. ಎರಡು ದಿನಗಳಲ್ಲಿ ಬಣ್ಣ ತಿಳಿಯಾಯಿತು, ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಾಣಲಿಲ್ಲ, ಇನ್ನೇನೂ ಇಲ್ಲವೆಂದು ಎಲ್ಲರೂ ಸುಮ್ಮನಾದೆವು. ಆದರೆ ಮೂತ್ರದಲ್ಲಿ ನೊರೆ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊದಿಕೊಂಡಿರುತ್ತಿತ್ತು. ಆಗ ಅಪ್ಪಯ್ಯ ಪೆಟ್ಟಿಗೆಯಿಂದ ಒಂದು ಹಳೆಯ ಕಾಗದ ತೆಗೆದರು. ಎರಡು ವರ್ಷದ ಹಿಂದೆ ನನ್ನ ತಮ್ಮನು ಕೆಲಸಕ್ಕೆ ಸೇರುವಾಗ ಮಾಡಿಸಿದ್ದ ತಪಾಸಣೆಯ ವರದಿ ಅದು. ಮೂತ್ರದಲ್ಲಿ ಅಲ್ಬುಮಿನ್ (ರಕ್ತದಲ್ಲೇ ಉಳಿಯಬೇಕಾದ ಒಂದು ಪ್ರೋಟೀನ್) ಎರಡು ಪ್ಲಸ್ ಎಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿತ್ತು, ಅದರ ಕೆಳಗೇ ಅಭ್ಯರ್ಥಿ ಆರೋಗ್ಯವಂತನೆಂಬ ಸಹಿಯೂ ಇತ್ತು. ಸಹಿ ಮಾಡಿದವರೂ ಅದನ್ನು ಓದಿರಲಿಲ್ಲ, ನಾವೂ ಓದಿರಲಿಲ್ಲ. ಆ ಎರಡು ವರ್ಷಗಳನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಕಡೆಯವರು ದೊಡ್ಡ ಕಾಯಿಲೆಯೆಂದರೆ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ಮೊದಲಿನಿಂದ ಬಂದ ರೂಢಿ. ಆದರೆ ಮಳೆಗಾಲದ ಘಾಟಿ ರಸ್ತೆಯನ್ನು ನಂಬಿ ತಿಂಗಳಿಗೊಮ್ಮೆ ಹೋಗುವ ಚಿಕಿತ್ಸೆಯನ್ನು ಒಪ್ಪಿಕೊಳ್ಳಲು ಧೈರ್ಯ ಸಾಲದೆ ಶಿವಮೊಗ್ಗವನ್ನು ಆರಿಸಿಕೊಂಡೆವು. ಫೋನಿನಲ್ಲಿ ಸಮಯ ಕೇಳಿದಾಗ ಮೂರು ದಿನ ಬಿಟ್ಟು ಬರಲು ಹೇಳಿದರು, ಸಮಾಲೋಚನೆಗೆ 600 ರೂಪಾಯಿ ಎಂದರು. ಬೆಳಿಗ್ಗೆ ಹತ್ತಕ್ಕೆ ಕೊಟ್ಟ ಸಮಯಕ್ಕೆ ಒಳಗೆ ಕರೆದದ್ದು ಒಂದು ಗಂಟೆ ದಾಟಿದ ಮೇಲೆ. ಹನ್ನೊಂದು ಭೇಟಿಗಳಲ್ಲಿ ಒಮ್ಮೆಯೂ ಹೇಳಿದ ಸಮಯಕ್ಕೆ ಒಳಗೆ ಹೋಗಿಲ್ಲ. ಕಾಯುವ ಕೊಠಡಿಯಲ್ಲಿ ಕುರ್ಚಿಗಳು ಸಾಲುವುದಿಲ್ಲ, ಶೌಚಾಲಯ ಒಂದೇ. ಮೂತ್ರದ ಮಾದರಿ ಕೊಡಬೇಕಾದವರೇ ಹೆಚ್ಚಾಗಿ ಬರುವ ವಿಭಾಗದಲ್ಲಿ ಇದು ಸಣ್ಣ ಕೊರತೆಯಲ್ಲ.

ಆದರೆ ಬಾಗಿಲ ಒಳಗೆ ನಡೆದದ್ದೇ ಬೇರೆ. ವೈದ್ಯೆ ವರದಿಗಳನ್ನು ಪಕ್ಕಕ್ಕಿಟ್ಟು ಮೊದಲು ಮಾತನಾಡಿಸಿದರು. ಗಂಟಲು ನೋವು ಬಂದ ಎಷ್ಟು ದಿನಕ್ಕೆ ಮೂತ್ರದ ಬಣ್ಣ ಬದಲಾಯಿತು ಎಂಬುದನ್ನು ಎರಡು ಸಲ ಕೇಳಿದರು. ಆ ಪ್ರಶ್ನೆಯ ತೂಕ ನಮಗೆ ಆಮೇಲೆ ತಿಳಿಯಿತು: ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಮಕ್ಕಳಲ್ಲಿ ಹೆಚ್ಚಾಗಿ ಬರುವ ಉರಿಯೂತದಲ್ಲಿ ಗಂಟಲು ನೋವಿಗೂ ಕೆಂಪು ಮೂತ್ರಕ್ಕೂ ನಡುವೆ ಒಂದರಿಂದ ಮೂರು ವಾರಗಳ ಅಂತರವಿರುತ್ತದೆ, ಚರ್ಮದ ಕಜ್ಜಿಯಿಂದ ಬಂದದ್ದಾದರೆ ಅಂತರ ಇನ್ನೂ ಹೆಚ್ಚು, ಒಂದೆರಡು ದಿನಗಳಲ್ಲೇ ಬಣ್ಣ ಬದಲಾದರೆ ಅನುಮಾನ ಬೇರೆ ಕಾಯಿಲೆಯ ಕಡೆಗೆ ಹೋಗುತ್ತದೆ. ನೋವಿನ ಮಾತ್ರೆ ಎಷ್ಟು ನುಂಗಿದ್ದಾನೆ, ನಾಟಿ ಔಷಧಿ ಕುಡಿದಿದ್ದಾನೆಯೇ, ಗದ್ದೆಯ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದಾನೆಯೇ, ಇತ್ತೀಚೆಗೆ ಹಾವು ಕಚ್ಚಿತ್ತೇ ಎಂದೂ ಕೇಳಿದರು. ಇವು ಮಲೆನಾಡನ್ನು ತಿಳಿದವರು ಕೇಳುವ ಪ್ರಶ್ನೆಗಳು. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ಕಿಡ್ನಿಯನ್ನು ಹಿಡಿಯುತ್ತದೆ. ಕೊಳಕುಮಂಡಲದ ವಿಷ ಕೆಲವೇ ದಿನಗಳಲ್ಲಿ ಮೂತ್ರವನ್ನೇ ನಿಲ್ಲಿಸಬಲ್ಲದು. ಅಡಿಕೆ ಸುಗ್ಗಿಯಲ್ಲಿ ಸೊಂಟನೋವಿಗೆಂದು ಅಂಗಡಿಯಿಂದ ತಂದು ವಾರಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳು ಕಿಡ್ನಿಯ ನಳಿಕೆಗಳ ಸುತ್ತಲಿನ ಅಂಗಾಂಶದಲ್ಲಿ ಉರಿಯೂತವನ್ನು ತರಬಲ್ಲವು. ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ನುಂಗುವ ಮಾತ್ರೆಗಳಿಂದಲೂ ಕೆಲವರಿಗೆ ಹೀಗಾಗುತ್ತದೆ ಎಂಬುದು ನನಗೆ ಹೊಸ ವಿಷಯವಾಗಿತ್ತು.

ಈ ವಿಭಾಗದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ಸಂಗತಿಯನ್ನು ಇಲ್ಲಿ ವಿವರವಾಗಿಯೇ ಹೇಳಬೇಕು. ನಾವು ಊರಿನಿಂದ ಶೀಸೆಯಲ್ಲಿ ತಂದಿದ್ದ ಬೆಳಗಿನ ಮೂತ್ರವನ್ನು ಅವರು ತೆಗೆದುಕೊಳ್ಳಲಿಲ್ಲ. ಹೊತ್ತು ಕಳೆದಂತೆ ಮೂತ್ರದಲ್ಲಿರುವ ಕಣಗಳು ಒಡೆದುಹೋಗುತ್ತವೆ, ಮೂತ್ರ ಮಾಡಿದ ಒಂದೆರಡು ಗಂಟೆಯೊಳಗೆ ನೋಡಿದರೆ ಮಾತ್ರ ಸತ್ಯ ತಿಳಿಯುತ್ತದೆ ಎಂದು ಹೇಳಿ ಅಲ್ಲಿಯೇ ಹೊಸದಾಗಿ ಕೊಡಲು ಹೇಳಿದರು. ಹದಿನೈದು ನಿಮಿಷಗಳಾದ ಮೇಲೆ ವೈದ್ಯೆ ತಾವೇ ಎದ್ದು ಪಕ್ಕದ ಕೋಣೆಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದರು. ಮರಳಿ ಬಂದು ಕೂತು, ಕೆಂಪು ರಕ್ತಕಣಗಳು ಜಜ್ಜಿಹೋದ ಆಕಾರದಲ್ಲಿವೆ, ಅವು ಒಟ್ಟುಗೂಡಿ ನಳಿಕೆಯ ಅಚ್ಚಿನಂತಾಗಿರುವುದೂ ಕಾಣುತ್ತಿದೆ, ಆದ್ದರಿಂದ ರಕ್ತ ಮೂತ್ರಕೋಶದಿಂದಲೋ ಕಲ್ಲಿನಿಂದಲೋ ಬರುತ್ತಿಲ್ಲ, ಸೋಸುವ ಜಾಗದಿಂದಲೇ ಬರುತ್ತಿದೆ ಎಂದರು. ಹತ್ತು ದಿನ ಔಷಧಿ, ಸ್ಕ್ಯಾನಿಂಗ್ ಎಂದು ಓಡಾಡಿ ನಮಗೆ ಸಿಗದಿದ್ದ ಉತ್ತರ ಒಂದು ಹನಿ ಮೂತ್ರದಲ್ಲಿ ಸಿಕ್ಕಿತ್ತು. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಊತ ಬಂದ ರೋಗಿಗಳ ಮೂತ್ರದಲ್ಲಿ ಹೆಪ್ಪುಗಟ್ಟುವ ಅಲ್ಬುಮಿನ್ ಇರುವುದನ್ನೂ ಅವರ ಕಿಡ್ನಿಗಳು ಕೆಟ್ಟಿರುವುದನ್ನೂ ಜೋಡಿಸಿ ತೋರಿಸಿದ್ದರು. ಆ ಕಾಲದಲ್ಲಿ ಮೂತ್ರವನ್ನು ಚಮಚದಲ್ಲಿಟ್ಟು ಮೇಣದ ಬತ್ತಿಯ ಉರಿಗೆ ಹಿಡಿದು ನೋಡುತ್ತಿದ್ದರು. ಸುಮಾರು 200 ವರ್ಷಗಳ ನಂತರವೂ ಈ ಕಾಯಿಲೆಯ ಮೊದಲ ಸುಳಿವು ಕೊಡುವುದು ಮೂತ್ರವೇ. ಅದನ್ನು ಸ್ವತಃ ನೋಡುವ ವೈದ್ಯರು ಇದ್ದಾರೆಯೇ ಎಂಬುದನ್ನೇ ನಾನು ಒಂದು ಕಿಡ್ನಿ ವಿಭಾಗದ ಮೊದಲ ಅಳತೆಯಾಗಿ ಹಿಡಿಯುತ್ತೇನೆ.

ಅಂದಿನ ಅಂಕಿಗಳು ಹೀಗಿದ್ದವು: ರಕ್ತದೊತ್ತಡ 150/96, ಕಿಡ್ನಿ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ 1.4, ದಿನವೊಂದಕ್ಕೆ ಮೂತ್ರದಲ್ಲಿ ಹೋಗುತ್ತಿದ್ದ ಪ್ರೋಟೀನ್ 1.8 ಗ್ರಾಂ. ಇಪ್ಪತ್ತೇಳರ ಹುಡುಗನಿಗೆ ರಕ್ತದೊತ್ತಡವೇ ಎಂದು ನಾವು ಬೆರಗಾದೆವು. ಕ್ರಿಯಾಟಿನಿನ್ 1.4 ಎಂದರೆ ಸ್ವಲ್ಪವೇ ಹೆಚ್ಚು ಎಂದು ಮೊದಲಿನ ವೈದ್ಯರು ಹೇಳಿದ್ದರು. ಇಲ್ಲಿ ಅದನ್ನು ವಯಸ್ಸಿನ ಜೊತೆ ಲೆಕ್ಕ ಹಾಕಿ ಸೋಸುವ ಶಕ್ತಿ ಸುಮಾರು 70ಕ್ಕೆ ಇಳಿದಿದೆ, ಈ ವಯಸ್ಸಿಗೆ ನೂರರ ಮೇಲಿರಬೇಕಿತ್ತು ಎಂದು ಬಿಡಿಸಿ ಹೇಳಿದರು. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿರುತ್ತವೆ, ದಿನಕ್ಕೆ ಸುಮಾರು 180 ಲೀಟರ್ ದ್ರವ ಅವುಗಳ ಮೂಲಕ ಸೋಸಿ ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ, ಒಮ್ಮೆ ಗಾಯದ ಕಲೆಯಾಗಿ ಮುಚ್ಚಿಹೋದ ಘಟಕ ಮತ್ತೆ ತೆರೆಯುವುದಿಲ್ಲ ಎಂಬುದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆ ಕಾಗದ ಈಗಲೂ ನಮ್ಮ ಕಡತದಲ್ಲಿದೆ.

ಬಯಾಪ್ಸಿ, ಅಂದರೆ ಕಿಡ್ನಿಯ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ, ಮಾಡಲೇಬೇಕೆಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕಿಡ್ನಿಗೆ ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತದೆ ಎಂದು ನೆಂಟರೊಬ್ಬರು ಹೇಳಿದ್ದು ಅಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ವೈದ್ಯೆ ಅಮ್ಮನನ್ನೇ ಫೋನಿಗೆ ಕರೆದು, ಉರಿಯೂತದಲ್ಲಿ ಹತ್ತಾರು ಬಗೆಗಳಿವೆ, ಹೊರಗಿನ ಲಕ್ಷಣ ಒಂದೇ ಆದರೂ ಚಿಕಿತ್ಸೆ ಬೇರೆ ಬೇರೆ, ಕೆಲವಕ್ಕೆ ಸ್ಟಿರಾಯ್ಡ್ ಬೇಕು, ಕೆಲವಕ್ಕೆ ಅದರಿಂದ ತೊಂದರೆಯೇ ಹೆಚ್ಚು, ನೋಡದೆ ಕೊಡಲು ನನಗೆ ಮನಸ್ಸಿಲ್ಲ ಎಂದು ನಿಧಾನವಾಗಿ ತಿಳಿಸಿದರು. ರಕ್ತಸ್ರಾವದ ಅಪಾಯವಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ರಕ್ತದೊತ್ತಡವನ್ನು ಹತೋಟಿಗೆ ತಂದು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿದ ಮೇಲೆಯೇ ದಿನ ಗೊತ್ತುಮಾಡಿದರು.

ತಮ್ಮನನ್ನು ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ದಿಂಬಿಟ್ಟು, ಬೆನ್ನಿನ ಆ ಜಾಗವನ್ನಷ್ಟೇ ಮರಗಟ್ಟಿಸಿ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಸೂಜಿ ಹಾಕಿದರಂತೆ. ಉಸಿರು ಹಿಡಿಯಿರಿ ಎಂದ ಕೂಡಲೇ ಟಪ್ಪೆಂದು ಒಂದು ಸದ್ದು, ಆಮೇಲೆ ಇನ್ನೊಮ್ಮೆ. ನೋವಿಗಿಂತ ಆ ಸದ್ದಿಗೇ ಬೆಚ್ಚಿಬಿದ್ದೆ ಎಂದು ಅವನು ಹೇಳಿದ. ನಂತರ ಆರು ಗಂಟೆ ಅಲುಗಾಡದೆ ಅಂಗಾತ ಮಲಗಬೇಕಿತ್ತು. ಪ್ರತಿ ಸಲದ ಮೂತ್ರವನ್ನೂ ಬೇರೆ ಬೇರೆ ಶೀಸೆಯಲ್ಲಿ ಸಾಲಾಗಿ ಇಟ್ಟು ಬಣ್ಣ ನೋಡುತ್ತಿದ್ದರು. ರಾತ್ರಿಪಾಳಿಯ ಸಿಸ್ಟರ್ ಗಂಟೆಗೊಮ್ಮೆ ಬಂದು ರಕ್ತದೊತ್ತಡ ನೋಡಿದರು. ಎರಡು ಗಂಟೆಯ ಹೊತ್ತಿಗೆ ನಾನು ಕುರ್ಚಿಯಲ್ಲೇ ತೂಕಡಿಸುತ್ತಿದ್ದುದನ್ನು ಕಂಡು, ‘ಅಕ್ಕಾ, ನೀವು ಆ ಕಡೆ ಮಲಗಿ, ನಾನು ಇಲ್ಲೇ ಇರ್ತೀನಿ’ ಎಂದು ಹೊದಿಕೆ ತಂದುಕೊಟ್ಟರು. ಬಯಾಪ್ಸಿ, ಒಂದು ರಾತ್ರಿಯ ವಾಸ, ಪ್ರಯೋಗಾಲಯದ ಶುಲ್ಕ ಎಲ್ಲ ಸೇರಿ ನಮಗೆ 24 ಸಾವಿರ ರೂಪಾಯಿ ಖರ್ಚಾಯಿತು.

ಇಲ್ಲಿಂದ ಮುಂದೆ ನನ್ನ ದೂರು ಆರಂಭವಾಗುತ್ತದೆ. ತೆಗೆದ ತುಣುಕುಗಳಲ್ಲಿ ಒಂದನ್ನು ಫಾರ್ಮಾಲಿನ್‌ನಲ್ಲಿಯೂ ಇನ್ನೊಂದನ್ನು ಬೇರೆ ದ್ರಾವಣದಲ್ಲಿಯೂ ಇಟ್ಟು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಎರಡನೆಯದರ ಮೇಲೆ ಬೆಳಕು ಚೆಲ್ಲುವ ಬಣ್ಣ ಹಾಕಿ ಯಾವ ಪ್ರತಿಕಾಯ ಕೂತಿದೆ ಎಂದು ನೋಡಬೇಕಾಗಿರುವುದರಿಂದ ಹೊತ್ತು ಹಿಡಿಯುತ್ತದೆ ಎಂಬುದು ಸರಿ. ಆದರೆ ಕೌಂಟರಿನಲ್ಲಿ ಐದು ದಿನ ಎಂದು ಹೇಳಿದ್ದರು. ಐದನೆಯ ದಿನ ಜಡಿಮಳೆಯಲ್ಲಿ ಬಸ್ಸು ಹಿಡಿದು ಹೋದರೆ ವರದಿ ಬಂದಿರಲಿಲ್ಲ. ಬರುವುದು ತಡವಾಗುತ್ತದೆ ಎಂಬ ಸಂದೇಶ ಹಿಂದಿನ ದಿನವೇ ಬಂದಿತ್ತು ಎಂದು ಅವರೇ ಹೇಳಿದರು. ಒಂದು ಫೋನು ಮಾಡುವ ಕೆಲಸ ಯಾರಿಗೂ ಸೇರಿದ್ದಾಗಿರಲಿಲ್ಲ. ವರದಿ ಕೈಗೆ ಬಂದದ್ದು ಒಂಬತ್ತನೆಯ ದಿನ. ಬಯಾಪ್ಸಿಯಾದ ಮೇಲೆ ತಮ್ಮನು ಎರಡು ವಾರ ಭಾರ ಎತ್ತಬಾರದು, ಕುಲುಕಾಟದ ಪ್ರಯಾಣ ಮಾಡಬಾರದು ಎಂದು ಹೇಳಿದ್ದ ಆಸ್ಪತ್ರೆಯೇ ಅವನನ್ನು ಗುಂಡಿಬಿದ್ದ ರಸ್ತೆಯಲ್ಲಿ ಸುಮ್ಮನೆ ಓಡಾಡಿಸಿತು ಎಂಬ ನೋವು ನನಗೆ ಇನ್ನೂ ಇದೆ. ಇದಕ್ಕಿಂತ ದೊಡ್ಡ ಲೋಪವೆಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೌಂಟರಿನಲ್ಲಿ ಯಾರೂ ತಾವಾಗಿ ಬಾಯಿ ಬಿಡದಿದ್ದುದು. ನಮ್ಮ ಮನೆಗೆ ಬಿಪಿಎಲ್ ಕಾರ್ಡ್ ಇಲ್ಲ, ನಾವು ಹೇಗೋ ಹೊಂದಿಸಿಕೊಂಡೆವು. ಆದರೆ ನಮ್ಮ ಪಕ್ಕದಲ್ಲಿ ಕೂತಿದ್ದ ಶಿಕಾರಿಪುರದ ಕಡೆಯ ತಾಯಿಯೊಬ್ಬರು, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ತರಬೇಕಿತ್ತೆಂಬುದು ತಿಳಿಯದೆ, ಕಿವಿಯ ಓಲೆ ಒತ್ತೆಯಿಟ್ಟು ಹಣ ತಂದಿದ್ದರು. ಮೊದಲ ದಿನವೇ ಒಂದು ಸಾಲು ಹೇಳಿದ್ದರೆ ಅವರು ಆ ಕಷ್ಟಪಡಬೇಕಿರಲಿಲ್ಲ.

ವರದಿಯಲ್ಲಿ ಐಜಿಎ ನೆಫ್ರೋಪತಿ ಎಂದಿತ್ತು. 1968ರಲ್ಲಿ ಪ್ಯಾರಿಸ್ಸಿನ ಜಾನ್ ಬೆರ್ಜೆ ಎಂಬ ವೈದ್ಯರು ತಮ್ಮ ಸಹೋದ್ಯೋಗಿಯೊಂದಿಗೆ ಮೊದಲು ವಿವರಿಸಿದ ಕಾಯಿಲೆ ಇದು. ಸೋಸುವ ಘಟಕಗಳೊಳಗಿನ ಸಣ್ಣ ರಕ್ತನಾಳಗಳ ಗುಚ್ಛಗಳಲ್ಲೇ ಹುಟ್ಟುವ ಉರಿಯೂತಗಳ ಪೈಕಿ ಜಗತ್ತಿನಲ್ಲಿ ಅತಿ ಸಾಮಾನ್ಯವಾದದ್ದು. ಗಂಟಲಿನ, ಕರುಳಿನ ರಕ್ಷಣೆಗೆಂದು ದೇಹವೇ ಮಾಡಿಕೊಳ್ಳುವ ಐಜಿಎ ಎಂಬ ಪ್ರತಿಕಾಯ ದೋಷದ ರೂಪದಲ್ಲಿ ಹುಟ್ಟಿ ಕಿಡ್ನಿಯ ಗುಚ್ಛಗಳಲ್ಲಿ ಶೇಖರವಾಗುತ್ತದೆ. ತೆಗೆದ 14 ಗುಚ್ಛಗಳಲ್ಲಿ ಎರಡು ಪೂರ್ತಿ ಕಲೆಗಟ್ಟಿದ್ದವು. ವೈದ್ಯೆ ಈ ಎಲ್ಲವನ್ನೂ ಕನ್ನಡದಲ್ಲಿಯೇ ಹೇಳಿದರು, ಅವಸರ ಮಾಡಲಿಲ್ಲ. ‘ಇದು ವಾಸಿಯಾಗಿ ಮರೆತುಬಿಡುವ ಕಾಯಿಲೆ ಅಲ್ಲ, ಆದರೆ ನೀವು ಜೊತೆ ಕೊಟ್ಟರೆ ವರ್ಷಗಟ್ಟಲೆ ಹಿಡಿದು ನಿಲ್ಲಿಸಬಹುದು’ ಎಂದು ತಮ್ಮನನ್ನು ನೋಡಿಯೇ ಹೇಳಿದರು, ನನ್ನನ್ನು ನೋಡಿ ಅಲ್ಲ. ಹುಡುಗನ ಕಾಯಿಲೆಯನ್ನು ಮನೆಯ ಹಿರಿಯರಿಗೆ ಹೇಳಿ ಅವನನ್ನು ಹೊರಗೆ ಕೂರಿಸುವ ಪದ್ಧತಿಯನ್ನು ನಾನು ಬೇರೆಡೆ ಕಂಡಿದ್ದೇನೆ, ಇಲ್ಲಿ ಹಾಗಾಗಲಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಹೇಳಬೇಕೆಂದರೆ, ಅವರು ರಾಮಿಪ್ರಿಲ್‌ನಿಂದ ಆರಂಭಿಸಿದರು. ಇದು ರಕ್ತದೊತ್ತಡದ ಮಾತ್ರೆಯಾದರೂ ಗುಚ್ಛದೊಳಗಿನ ಒತ್ತಡವನ್ನು ಇಳಿಸಿ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ. ಎರಡು ವಾರಕ್ಕೆ ಮಾಡಿದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4ರಿಂದ 1.5ಕ್ಕೆ ಏರಿತ್ತು. ಮಾತ್ರೆಯಿಂದ ಕಿಡ್ನಿ ಕೆಡುತ್ತಿದೆ ಎಂದು ಹೆದರಿ ತಮ್ಮ ಅದನ್ನು ಬಿಟ್ಟೇಬಿಡುವವನಿದ್ದ. ಆದರೆ ಈ ಏರಿಕೆಯನ್ನು ಮೊದಲೇ ನಿರೀಕ್ಷಿಸಿರುತ್ತಾರೆ, 30 ಪ್ರತಿಶತದೊಳಗೆ ಏರಿದರೆ ನಿಲ್ಲಿಸುವ ಅಗತ್ಯವಿಲ್ಲ, ಪೊಟ್ಯಾಸಿಯಂ ಮಾತ್ರ ನೋಡುತ್ತಿರಬೇಕು ಎಂದು ಹೇಳಿ ಅವನ ಭಯ ಬಿಡಿಸಿದರು. ಮೊದಲ ಚೀಟಿ ಕೊಡುವಾಗಲೇ ಇದನ್ನು ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಮೂರು ತಿಂಗಳ ನಂತರ ಸಕ್ಕರೆ ಕಾಯಿಲೆಗೆಂದು ಬಂದು ಈಗ ಕಿಡ್ನಿಗೂ ಬಳಕೆಯಾಗುತ್ತಿರುವ ಡಾಪಾಗ್ಲಿಫ್ಲೋಜಿನ್ ಸೇರಿಸಿದರು. ಸ್ಟಿರಾಯ್ಡ್ ಬಗ್ಗೆ ಅವಸರಪಡದೆ, ಆರು ತಿಂಗಳ ಮಟ್ಟಿಗೆ ಇವುಗಳ ಫಲ ನೋಡೋಣ ಎಂದರು. ಈ ಚೈತ್ರದ ಪರೀಕ್ಷೆಯಲ್ಲಿ ಪ್ರೋಟೀನ್ ದಿನಕ್ಕೆ 0.5 ಗ್ರಾಂಗೆ ಇಳಿದಿದೆ, ಕ್ರಿಯಾಟಿನಿನ್ 1.3, ರಕ್ತದೊತ್ತಡ 118/76.

ಇನ್ನು ಆಹಾರದ ಸಲಹೆ. ಈ ವಿಭಾಗದ ಅತ್ಯಂತ ದುರ್ಬಲ ಕೊಂಡಿ ಇದು. ಪಥ್ಯದ ಸಲಹೆಗಾರರು ಕೈಗಿತ್ತ ಮುದ್ರಿತ ಹಾಳೆಯಲ್ಲಿ ಓಟ್ಸ್, ಪನೀರ್, ಬ್ರೆಡ್, ಸೂಪುಗಳ ಬಗ್ಗೆ ಸೂಚನೆಗಳಿದ್ದವು. ನಮ್ಮ ಮನೆಯಲ್ಲಿ ಬೆಳಿಗ್ಗೆ ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಮಧ್ಯಾಹ್ನ ತಂಬುಳಿ, ಮಳೆಗಾಲದಲ್ಲಿ ಕಳಲೆ, ಹಲಸಿನ ಹಪ್ಪಳ. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ, ಅದಕ್ಕಿಂತ ಹೆಚ್ಚಾಗಬಾರದು ಎಂದು ಹಾಳೆ ಹೇಳುತ್ತದೆ. ಆದರೆ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೂತ ಎರಡು ಮಿಡಿಯಲ್ಲಿ, ಉಪ್ಪಿನಲ್ಲಿ ಹಾಕಿಟ್ಟ ಕಳಲೆಯಲ್ಲಿ ಎಷ್ಟು ಉಪ್ಪು ಹೋಗುತ್ತದೆ ಎಂಬುದನ್ನು ಹೇಳುವುದಿಲ್ಲ. ತಮ್ಮನು ಸಾರಿಗೆ ಉಪ್ಪು ಕಡಿಮೆ ಹಾಕಿಸಿಕೊಂಡು, ಸಪ್ಪೆಯೆಂದು ಎರಡು ಮಿಡಿ ಹೆಚ್ಚಿಗೆ ಕಚ್ಚಿಕೊಳ್ಳುತ್ತಿದ್ದ. ಎರಡು ತಿಂಗಳು ಊತ ಇಳಿಯದಿದ್ದುದಕ್ಕೆ ಇದೇ ಕಾರಣವೆಂದು ವೈದ್ಯೆ ಕೇಳಿ ಕೇಳಿ ಕಂಡುಹಿಡಿದರು. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪನ್ನು ನಾನು ಒಳ್ಳೆಯದೆಂದು ತಂದಿದ್ದೆ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ, ರಾಮಿಪ್ರಿಲ್ ನುಂಗುವವರಿಗೆ ಅದು ಅಪಾಯ ಎಂಬುದು ಹಾಳೆಯಲ್ಲಿ ಇರಲಿಲ್ಲ. ಪ್ರೋಟೀನ್ ಸೋರಿಹೋಗುತ್ತಿದೆ ಎಂದು ದಿನಕ್ಕೆ ನಾಲ್ಕು ಮೊಟ್ಟೆ ತಿನ್ನಿಸಲು ಅವನ ಸ್ನೇಹಿತರು ಹೇಳಿದ್ದರು. ಹಾಗೆ ಹೇರಿದರೆ ಕಿಡ್ನಿಗೆ ಕೆಲಸ ಹೆಚ್ಚುತ್ತದೆಯೇ ಹೊರತು ಸೋರಿದ್ದು ತುಂಬುವುದಿಲ್ಲ, ಮೈತೂಕದ ಒಂದು ಕಿಲೋಗೆ 0.8 ಗ್ರಾಂ ಲೆಕ್ಕದಲ್ಲಿ ತಿಂದರೆ ಸಾಕು ಎಂದೂ ವೈದ್ಯೆಯೇ ಹೇಳಬೇಕಾಯಿತು.

ಎಲ್ಲಕ್ಕಿಂತ ನನ್ನನ್ನು ಕಂಗೆಡಿಸಿದ್ದು ಧಾರೆಹುಳಿಯ (ಸ್ಟಾರ್ ಫ್ರೂಟ್) ವಿಷಯ. ನಮ್ಮ ಹಿತ್ತಲಿನಲ್ಲಿ ಧಾರೆಹುಳಿಯ ಮರವಿದೆ, ಗೊಜ್ಜು, ಉಪ್ಪಿನಕಾಯಿ, ಬೇಸಿಗೆಯಲ್ಲಿ ಪಾನಕ ಎಲ್ಲಕ್ಕೂ ಬಳಸುತ್ತೇವೆ. ಅದರಲ್ಲಿ ಆಕ್ಸಲೇಟ್ ಎಂಬ ಹರಳುಗಟ್ಟುವ ಲವಣ ಬಹಳ ಇರುತ್ತದೆ, ಹೆಚ್ಚು ಕುಡಿದರೆ ಅದರ ಹರಳುಗಳು ಕಿಡ್ನಿಯ ನಳಿಕೆಗಳಲ್ಲಿ ಕೂತು ಒಳ್ಳೆಯ ಕಿಡ್ನಿಯನ್ನೂ ಕೆಡಿಸಬಲ್ಲವು. ಮೊದಲೇ ಕಿಡ್ನಿ ಸೋತವರಲ್ಲಿ ಅದರೊಳಗಿನ ಇನ್ನೊಂದು ವಿಷ ದೇಹದಿಂದ ಹೊರಹೋಗದೆ ಮಿದುಳಿಗೇರಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ತರುತ್ತದೆ, ಪ್ರಾಣಕ್ಕೂ ಕುತ್ತಾಗಬಹುದು. ಬಿಂಬುಳಿಯಲ್ಲೂ ಆಕ್ಸಲೇಟ್ ಹೀಗೆಯೇ ಹೆಚ್ಚು. ಮಲೆನಾಡಿನಿಂದಲೇ ಹೆಚ್ಚಿನ ರೋಗಿಗಳು ಬರುವ ಒಂದು ವಿಭಾಗದ ಪಥ್ಯದ ಹಾಳೆಯಲ್ಲಿ ಧಾರೆಹುಳಿಯ ಹೆಸರಿಲ್ಲ ಎಂಬುದು ನನಗೆ ಒಪ್ಪಿಗೆಯಾಗದ ಸಂಗತಿ. ನಾನು ಹಿತ್ತಲಿನಲ್ಲಿ ಬೆಳೆಯುವುದನ್ನೆಲ್ಲ ಒಂದೊಂದಾಗಿ ಹೆಸರು ಹೇಳಿ ಕೇಳದಿದ್ದರೆ ನಮಗೂ ಇದು ತಿಳಿಯುತ್ತಿರಲಿಲ್ಲ.

ಇದೇ ವಿಭಾಗದ ಡಯಾಲಿಸಿಸ್ ಘಟಕದ ಬಗ್ಗೆ ನಾನು ಹೊರಗಿನಿಂದ ಕಂಡಷ್ಟನ್ನು ಮಾತ್ರ ಹೇಳಬಲ್ಲೆ. ಹಾಸಿಗೆಗಳ ನಡುವೆ ಅಂತರವಿದೆ, ಕೈ ತೊಳೆಯುವ ಶಿಸ್ತು ಇದೆ, ಹೆಪಟೈಟಿಸ್ ಇರುವವರಿಗೆ ಬೇರೆ ಯಂತ್ರವಿದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ದ್ರಾವಣ ರೋಗಿಯ ರಕ್ತದ ಪಕ್ಕದಲ್ಲಿ ಹರಿದುಹೋಗುತ್ತದೆ, ಆದ್ದರಿಂದ ನೀರಿನ ಶುದ್ಧತೆಯೇ ಅಲ್ಲಿ ಜೀವ. ನೀರಿನ ಪರೀಕ್ಷೆಯ ದಿನಾಂಕವನ್ನು ಗೋಡೆಯ ಮೇಲೆ ಬರೆದಿರುತ್ತಾರೆ. ಸೊರಬದ ಕಡೆಯಿಂದ ವಾರಕ್ಕೆ ಎರಡು ದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುವ ಹಿರಿಯರೊಬ್ಬರ ಪರಿಚಯವಾಯಿತು. ಅವರಿಗೂ ವರ್ಷಗಳ ಹಿಂದೆ ನೊರೆಯಿಂದಲೇ ಆರಂಭವಾಗಿತ್ತಂತೆ, ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ವಾರಕ್ಕೆ ಮೂರು ಸಲ ಮಾಡಿಸಬೇಕೆಂದು ವೈದ್ಯರು ಹೇಳಿದರೂ ದೂರ ಮತ್ತು ಆಯಾಸದಿಂದ ಎರಡಕ್ಕೇ ನಿಲ್ಲಿಸಿದ್ದಾರೆ. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾದ ಮೇಲೆ ನನ್ನ ಬೆರಳಿಟ್ಟು, ಒಳಗೆ ರಕ್ತ ಗುಂಯ್‌ಗುಡುವುದನ್ನು ತೋರಿಸಿದರು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ, ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಅಂತಹ ಕಡೆ ಜಾಗ ಸಿಗುತ್ತದೆಯೇ ಎಂದು ವಿಚಾರಿಸಿಕೊಡುವ ಕೆಲಸವನ್ನು ಈ ಘಟಕದ ತಂತ್ರಜ್ಞರೇ ಆ ಹಿರಿಯರಿಗಾಗಿ ಮಾಡುತ್ತಿದ್ದರು. ಹಣ ಬರುವ ರೋಗಿಯನ್ನು ಮನೆಯ ಹತ್ತಿರಕ್ಕೆ ಕಳುಹಿಸಲು ಅವರು ಪಡುತ್ತಿದ್ದ ಶ್ರಮವನ್ನು ಕಂಡು ನನಗೆ ಆ ಘಟಕದ ಮೇಲೆ ಗೌರವ ಬಂತು.

ಔಷಧಿ ಅಂಗಡಿಯಲ್ಲಿ ವಿಶೇಷವೇನಿಲ್ಲ. ಮಾತ್ರೆಗಳು ಹೊರಗಿನ ಜನೌಷಧಿ ಕೇಂದ್ರದಲ್ಲಿ ಅಗ್ಗವಾಗಿ ಸಿಗುತ್ತವೆ, ಅಲ್ಲಿಂದ ತರಲು ವೈದ್ಯೆ ಅಡ್ಡಿ ಮಾಡುವುದಿಲ್ಲ. ವಾಹನ ನಿಲ್ಲಿಸಲು ಜಾಗವಿಲ್ಲ.

ಒಟ್ಟಿನಲ್ಲಿ ನೊರೆ, ಊತ, ಕಂದು ಬಣ್ಣದ ಮೂತ್ರ, ಚಿಕ್ಕ ವಯಸ್ಸಿನ ರಕ್ತದೊತ್ತಡ ಇವುಗಳಲ್ಲಿ ಯಾವುದನ್ನೇ ಕಂಡರೂ ನಾನು ನನ್ನವರನ್ನು ಇದೇ ವಿಭಾಗಕ್ಕೆ ಕರೆದೊಯ್ಯುತ್ತೇನೆ, ವೈದ್ಯೆಯ ಕೋಣೆಯ ಒಳಗಿನ ಸೇವೆಗಾಗಿ. ಹೊರಗಿನ ಕೌಂಟರಿಗಾಗಿ ನೀವು ಹಳೆಯ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ತನ್ನಿ, ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ, ಮೂತ್ರವನ್ನು ಊರಿನಿಂದ ತರಬೇಡಿ, ಯೋಜನೆಯ ಬಗ್ಗೆ ಮೊದಲ ದಿನವೇ ನೀವಾಗಿ ಕೇಳಿ, ವರದಿಗೆ ಹೊರಡುವ ಮುನ್ನ ಫೋನು ಮಾಡಿ.

ಕಳೆದ ಭೇಟಿಯಲ್ಲಿ ನಾನು ಎರಡು ಪುಟಗಳ ಒಂದು ಪಟ್ಟಿಯನ್ನು ಕೈಯಲ್ಲಿ ಬರೆದು ತೆಗೆದುಕೊಂಡು ಹೋಗಿದ್ದೆ. ಅಪ್ಪೆಮಿಡಿ, ಕಳಲೆ, ಹಪ್ಪಳ, ಸಂಡಿಗೆ, ಧಾರೆಹುಳಿ, ಬಿಂಬುಳಿ, ಬಸಳೆ, ಬಾಳೆದಿಂಡು, ಹಲಸಿನ ಬೀಜ, ಎಳನೀರು ಹೀಗೆ ನಮ್ಮ ಕಡೆಯ ಊಟದ ಹೆಸರುಗಳು ಅದರಲ್ಲಿದ್ದವು. ಎದುರಿಗೆ ತಿನ್ನಬಹುದು, ಕಡಿಮೆ, ಬೇಡ ಎಂಬ ಮೂರು ಮನೆಗಳನ್ನು ಖಾಲಿ ಬಿಟ್ಟಿದ್ದೆ. ಪಥ್ಯದ ಸಲಹೆಗಾರರು ಅದನ್ನು ಓದಿ, ಪ್ರತಿ ಮಾಡಿಸಿಕೊಂಡು, ವೈದ್ಯೆಯ ಜೊತೆ ಕೂತು ತುಂಬಿಸಿ ಹೊಸ ಹಾಳೆ ಮುದ್ರಿಸುವುದಾಗಿ ಹೇಳಿದ್ದಾರೆ. ಧಾರೆಹುಳಿಯ ಎದುರಿನ ಮನೆಯಲ್ಲಿ ಮಾತ್ರ ಅವರು ಅಲ್ಲಿಯೇ ಕೆಂಪು ಶಾಯಿಯಲ್ಲಿ ಬೇಡ ಎಂದು ಬರೆದರು. ನಮ್ಮ ಮುಂದಿನ ಭೇಟಿ ಆಷಾಢದಲ್ಲಿ. ಆ ಹಾಳೆ ಬಂದಿದೆಯೇ ಎಂದು ನೋಡಿ ಈ ವಿಮರ್ಶೆಯ ಆ ಭಾಗವನ್ನು ತಿದ್ದುತ್ತೇನೆ.